ಮೇಲ್ಕಂಡ ಮಾವ ಮತ್ತು ಖಾಯಂ ವಿಳಾಸ

ನನ್ನ ಸೋದರಮಾವನನ್ನು ಊರಿನಲ್ಲಿ ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಎಲ್ಲರ ಬಾಯಲ್ಲೂ ಅವರು ‘ಮೇಲ್ಕಂಡ’. ಕಚೇರಿಯ ಜಗಲಿಯ ಮೇಲೆ ಮೇಜು ಹಾಕಿಕೊಂಡು ಮೂವತ್ತು ವರ್ಷ ಜನರಿಗೆ ಅರ್ಜಿ ಬರೆದುಕೊಟ್ಟವರು. ಯಾರ ಅರ್ಜಿಯೇ ಇರಲಿ, ಎರಡನೆಯ ಸಾಲಿನಲ್ಲಿ ಆ ಪದ ಬರಲೇಬೇಕು. ಒಮ್ಮೆ ಮೇಕೆ ಕಳೆದುಕೊಂಡ ಅಜ್ಜಿಯೊಬ್ಬಳಿಗೆ ‘ಮೇಲ್ಕಂಡ ಮೇಕೆಯು ಬಿಳಿ ಬಣ್ಣದ್ದಾಗಿದ್ದು’ ಎಂದು ಬರೆದು ಓದಿ ಹೇಳಿದರು. ಅಜ್ಜಿ, “ಮೇಲೆ ಕಂಡಿದ್ರೆ ನಾನ್ಯಾಕಪ್ಪಾ ನಿನ್ನ ಹತ್ರ ಬರ್ತಿದ್ದೆ?” ಎಂದಳು. ಜಗಲಿಯಲ್ಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಂದಿನಿಂದ ಹೆಸರು ಅಂಟಿಕೊಂಡಿತು. ಮಾವನಿಗೆ ಅದರಿಂದ ಬೇಜಾರೇನೂ ಇರಲಿಲ್ಲ.

ಅವರ ಮೇಜಿನ ಒಂದು ಕಾಲು ಗಿಡ್ಡ, ಅದರ ಕೆಳಗೆ ಮಡಿಸಿದ ರಟ್ಟು. ಮೇಲೆ ಎರಡು ಮಸಿ ಕುಡಿಕೆ, ಗೆರೆ ಎಳೆಯಲು ಮರದ ಪಟ್ಟಿ. ಬೆನ್ನ ಹಿಂದಿನ ಗೋಡೆಯ ಮೇಲೆ ಕಟ್ಟು ಹಾಕಿಸಿದ ಪರವಾನಗಿ. ಅರ್ಜಿ ಬರೆಯುವ ಪರವಾನಗಿ ಇದ್ದದ್ದು ಊರಿನಲ್ಲಿ ಮೂವರಿಗೆ ಮಾತ್ರ, ಅದರಲ್ಲಿ ಮೊದಲ ಸಂಖ್ಯೆ ಮಾವನದು. “ಸರಿಯಾದ ಜಾಗದಲ್ಲಿ ಸರಿಯಾದ ಪದ ಕೂತ್ರೆ, ಅದನ್ನ ಯಾರಪ್ಪನ ಕೈಲೂ ಅಲ್ಲಾಡಿಸೋಕಾಗಲ್ಲ,” ಎನ್ನುತ್ತಿದ್ದರು. ಈ ನಂಬಿಕೆಯ ಮೇಲೆ ನನಗೆ ಸಿಟ್ಟಿದೆ. ಬರೆಯುತ್ತ ಹೋದರೆ ಕಡಿಮೆಯಾದೀತು ಎಂದುಕೊಂಡು ಕೂತಿದ್ದೇನೆ, ಇನ್ನೂ ಆಗಿಲ್ಲ.

ಪರದೇಶದ ದಂಡು ಊರಿಗೆ ಬಂದಾಗ ನನಗೆ ಒಂಬತ್ತು ವರ್ಷ. ಅಪ್ಪ ತೀರಿಕೊಂಡು ಆಗಲೇ ಬಹಳ ದಿನವಾಗಿತ್ತು. ಅಮ್ಮ ಮತ್ತು ನಾನು ಮೇಲಿನ ಬೀದಿಯ ಹದಿನೇಳನೆಯ ನಂಬರಿನ ಮನೆಯಲ್ಲಿದ್ದೆವು. ಅಪ್ಪನೇ ನಿಂತು ಕಟ್ಟಿಸಿದ ಮೂರು ಕೋಣೆಯ ಮನೆ, ಹಿತ್ತಲಲ್ಲಿ ಬಾವಿ. ಅದರ ತಾರಸಿಯಿಂದ ಹೊಳೆಯ ಸೇತುವೆ ಚೆನ್ನಾಗಿ ಕಾಣುತ್ತಿತ್ತು. ಅದೇ ನಮಗೆ ಮುಳುವಾಯಿತು. ಸೇತುವೆಯನ್ನು ಕಾಯಲು ಬಂದವರಿಗೆ ನಮ್ಮ ತಾರಸಿ ಬೇಕಾಯಿತು, ತಾರಸಿಯ ಜೊತೆಗೆ ಮನೆಯೂ.

ಬಂದ ಕ್ಯಾಪ್ಟನ್ ಶಿಸ್ತಿನ ಮನುಷ್ಯ. ಮನೆ ಕಿತ್ತುಕೊಂಡರೂ ರಸೀದಿ ಕೊಟ್ಟೇ ಕಿತ್ತುಕೊಳ್ಳಬೇಕು ಎನ್ನುವ ಜಾತಿ. ಅವನ ಕಾರಕೂನನಿಗೆ ನಮ್ಮ ಅಕ್ಷರ ಬಾರದು. ಹಾಗಾಗಿ ಮಾವನನ್ನೇ ಕರೆಸಿದರು. ಸ್ವಂತ ತಂಗಿಯ ಮನೆ ಹೋಗುವ ರಸೀದಿಯನ್ನು ಮಾವ ಸ್ವಂತ ಕೈಯಿಂದ ಬರೆದರು. ದುಭಾಷಿ ಹೇಳಿದ್ದಕ್ಕೆ ತಮ್ಮದೆರಡು ಮಾತು ಸೇರಿಸಿಯೇ ಬರೆದರು: ‘ಮೇಲ್ಕಂಡ ಮನೆಯನ್ನು, ಮಾಲೀಕರ ಒಡೆತನಕ್ಕೆ ಬಾಧೆ ಬಾರದಂತೆ, ಸೇನೆಯ ಅಗತ್ಯ ಮುಗಿಯುವವರೆಗೆ ತಾತ್ಕಾಲಿಕವಾಗಿ ವಶಕ್ಕೆ ಪಡೆಯಲಾಗಿದೆ.’ ಕ್ಯಾಪ್ಟನ್ ಅದನ್ನು ಓದಿಸಿಕೊಂಡು ತಕರಾರಿಲ್ಲದೆ ಸಹಿ ಹಾಕಿದ. ಅವನಿಗೂ ಬೇಗ ಊರಿಗೆ ಹೋಗಬೇಕಿತ್ತು.

ಅವತ್ತು ಸಂಜೆ ನಾವು ಹಾಸಿಗೆ ಪಾತ್ರೆ ಹೊತ್ತುಕೊಂಡು ಮಾವನ ಮನೆಯ ಹಿಂದಿನ ಕೋಣೆಗೆ ಬಂದೆವು. ಅಲ್ಲಿ ಹಳೆಯ ಅರ್ಜಿಗಳ ಕಟ್ಟು, ಮುರಿದ ಕುರ್ಚಿ, ಇಲಿ. “ನಾಲ್ಕು ದಿನದ ಮಟ್ಟಿಗೆ ಅಷ್ಟೇ,” ಎಂದರು ಮಾವ. ಅಮ್ಮ ಪಾತ್ರೆಗಳನ್ನು ಗೋಣಿಚೀಲದಿಂದ ತೆಗೆದು ಜೋಡಿಸಿಡಲೇ ಇಲ್ಲ. ಒಂದೊಂದಾಗಿ ತೆಗೆದು ತೊಳೆದು, ಮತ್ತೆ ಚೀಲಕ್ಕೇ ಹಾಕುತ್ತಿದ್ದಳು. ವರ್ಷಗಟ್ಟಲೆ ಹಾಗೆ ಮಾಡಿದಳು.

ಆ ಕಾಲದಲ್ಲಿ ಮಾವ ಟೀ ಅಂಗಡಿಯಲ್ಲಿ ಕೂತರೆ ಪಾಠವೇ. “ವಶ ಬೇರೆ, ಒಡೆತನ ಬೇರೆ,” ಎಂದು ಬೆರಳೆತ್ತಿ ಶುರು ಮಾಡುವರು. “ಊರು ಅವರ ಕೈಯಲ್ಲಿದೆ, ಅವರದ್ದಲ್ಲ. ಕೈಯಲ್ಲಿರೋದನ್ನ ಒಂದಲ್ಲ ಒಂದು ದಿನ ಕೆಳಗಿಡಲೇಬೇಕು. ಅಲ್ಲಿವರೆಗೆ ಊರನ್ನ ಹೆಂಗಿತ್ತೋ ಹಂಗೇ ಇಟ್ಕೊಳ್ಳೋದು ಅವರ ಜವಾಬ್ದಾರಿ. ಪ್ರಪಂಚದಲ್ಲೆಲ್ಲ ಒಪ್ಪಿರೋ ಕಾನೂನು ಇದು.”

“ಹೌದಾ? ನನ್ನ ಕನ್ನಡಿ ಒಡೆದು ಹಾಕಿದ್ದಾರೆ. ಅದನ್ನೂ ಹೆಂಗಿತ್ತೋ ಹಂಗೇ ಇಟ್ಕೊಂಡಿದ್ದಾರಾ?” ಎಂದ ಕ್ಷೌರದವನು.

“ಅದಕ್ಕೂ ಅರ್ಜಿ ಕೊಡೋಣ,” ಎಂದರು ಮಾವ. ನಿಜವಾಗಿಯೂ ಕೊಟ್ಟರು. ಕನ್ನಡಿಯಂತೂ ಬರಲಿಲ್ಲ.

ಜವಾಬ್ದಾರಿ ಹೊತ್ತವರು ನಮ್ಮ ಮನೆಯನ್ನು ಹೇಗೆ ಇಟ್ಟುಕೊಂಡರು ಎಂದು ಹೇಳಿಬಿಡುತ್ತೇನೆ. ಅಟ್ಟದ ಹಲಗೆ ಕಿತ್ತು ಒಲೆಗೆ ಹಾಕಿದರು. ಬಾವಿಕಟ್ಟೆಯ ಮೇಲೆ ಡಬ್ಬಿ ಇಟ್ಟು ಗುರಿ ಹೊಡೆದು ಕಲ್ಲಿನ ಚಕ್ಕೆ ಎಬ್ಬಿಸಿದರು. ಆರು ತಿಂಗಳಿಗೊಮ್ಮೆ ರಸೀದಿ ನವೀಕರಿಸಲು ಅಮ್ಮ ಹೋದಾಗ ಕಾವಲಿನವನು ಬಂದೂಕಿನ ಹಿಡಿಯಿಂದ ಅವಳ ಭುಜಕ್ಕೆ ತಿವಿದು ಗೇಟಿನಾಚೆಗೆ ನಿಲ್ಲಿಸುತ್ತಿದ್ದ. ಅವಳ ಸ್ವಂತ ಗೇಟು. ಆ ಭುಜ ಚಳಿಗಾಲದಲ್ಲಿ ನೋಯುತ್ತಿತ್ತು, ಕೊನೆಯವರೆಗೂ ನೋಯಿತು. ಅವರಲ್ಲಿ ಒಬ್ಬನನ್ನೂ ನಾನು ಕ್ಷಮಿಸಿಲ್ಲ. ಕ್ಷಮಿಸಬೇಕೆಂಬ ಆಸೆಯೂ ಇಲ್ಲ.

ಫಾರಂ ಬರೆಯಲು ಒಳಗೆ ಹೋಗುತ್ತಿದ್ದ ಮಾವ ಮಾತ್ರ ಅಲ್ಲಿಂದ ಖುಷಿಯಾಗಿ ಬರುತ್ತಿದ್ದರು. ನಡುಕೋಣೆಯ ಗೋಡೆಯ ಮೇಲೆ ಸೈನಿಕರು ಇದ್ದಲಿನಿಂದ ಗೀಟು ಎಳೆದಿದ್ದರಂತೆ, ಒಂದು ದಿನಕ್ಕೆ ಒಂದು. “ಊರಿಗೆ ಹೋಗೋಕೆ ದಿನ ಎಣಿಸ್ತಿದ್ದಾರೆ. ಇದಕ್ಕಿಂತ ದೊಡ್ಡ ಪುರಾವೆ ಬೇಕಾ?”

“ಎಣಿಸ್ಲಿ ಅಣ್ಣ. ನನ್ನ ಗೋಡೆ ಮೇಲೆ ಯಾಕೆ ಎಣಿಸ್ಬೇಕು?” ಎಂದಳು ಅಮ್ಮ.

ಮಾವನ ಹತ್ತಿರ ಇನ್ನೊಂದು ಪರೀಕ್ಷೆಯಿತ್ತು. ಹೊಸ ಸೈನಿಕ ಕಂಡರೆ, “ಯಾವ ಊರು?” ಎಂದು ಕೇಳುವುದು. ನಮ್ಮಲ್ಲಿ ಹೊಸಬರನ್ನು ಕಂಡಾಗ ಬಾಯಿಗೆ ಮೊದಲು ಬರುವ ಮಾತೇ ಅದಲ್ಲವೇ. ಅಷ್ಟು ಹೊತ್ತು ಮುಖ ಗಂಟಿಕ್ಕಿಕೊಂಡಿದ್ದವನು ದೂರದ ಯಾವುದೋ ಹೆಸರು ಹೇಳಿ, ಕೈಯಿಂದ ದಿಕ್ಕು ತೋರಿಸುತ್ತಿದ್ದ. ಮಾವ ನಮ್ಮ ಕಡೆ ತಿರುಗಿ ಕಣ್ಣು ಮಿಟುಕಿಸುವರು. ಊರಿರುವವನು ಊರಿಗೆ ಹೋಗಿಯೇ ಹೋಗುತ್ತಾನೆ ಎಂಬುದು ಅವರ ಲೆಕ್ಕಾಚಾರ.

ನವೀಕರಣದ ಫಾರಂನಲ್ಲಿ ಮಾಲೀಕರ ‘ಖಾಯಂ ವಿಳಾಸ’ ಎಂದು ಒಂದು ಅಂಕಣವಿತ್ತು. ‘ಹಾಲಿ ವಿಳಾಸ’ ಎಂಬ ಅಂಕಣ ಇರಲಿಲ್ಲ. ಮೊದಲ ಸಲ ಮಾವ ಅಲ್ಲಿ ಮೇಲಿನ ಬೀದಿಯ ಮನೆಯನ್ನೇ ಬರೆದಿದ್ದರು. ಆಮೇಲೆ ಕಚೇರಿಯಿಂದ ಅಮ್ಮನ ಹೆಸರಿಗೆ ನೋಟೀಸು ಹೋಯಿತು, ಆ ಮನೆಗೇ ಹೋಯಿತು. ಸೈನಿಕರು ಅದರಲ್ಲಿ ಒಲೆ ಹಚ್ಚಿದರು. ಹಾಜರಾಗಲಿಲ್ಲ ಎಂದು ಅಮ್ಮನನ್ನು ಒಂದಿಡೀ ದಿನ ಠಾಣೆಯಲ್ಲಿ ನಿಲ್ಲಿಸಿದರು. ಹಾಗಾಗಿ ಎರಡನೆಯ ಸಲದಿಂದ ಮಾವ ಆ ಅಂಕಣದಲ್ಲಿ ತಮ್ಮ ಮನೆಯ ಹಿಂದಿನ ಕೋಣೆಯ ವಿಳಾಸ ಬರೆಯತೊಡಗಿದರು. ಕಾಗದ ಕೈಗೆ ಸಿಗಲಿ ಎಂದು ಅಷ್ಟೇ. ಹೀಗೆ ಹನ್ನೊಂದು ವರ್ಷ, ಇಪ್ಪತ್ತೊಂದು ಫಾರಂ, ಒಂದೂ ಕಾಟು ಇಲ್ಲದ ದುಂಡು ಅಕ್ಷರ.

ಹನ್ನೊಂದನೆಯ ವರ್ಷ ಒಂದು ಬುಧವಾರ ಮಧ್ಯಾಹ್ನ ಅಂಚೆಯವನು ಬಂದು, “ಮೇಲಿನ ಬೀದಿಯಿಂದ ದಂಡು ಎದ್ದು ಹೋಗಿದೆ, ಸೋಮವಾರನೇ ಹೋಯ್ತಂತೆ,” ಎಂದ. ಮಾವ ಊಟದ ಕೈಯಲ್ಲೇ ಎದ್ದು ನಿಂತರು. “ನಾನು ಹೇಳಿರ್ಲಿಲ್ವಾ? ತಾತ್ಕಾಲಿಕ ಅಂದ್ರೆ ತಾತ್ಕಾಲಿಕ.” ಅವರ ಕಣ್ಣಲ್ಲಿ ನೀರಿತ್ತು. ಅಮ್ಮ ಪಾತ್ರೆಯ ಚೀಲವನ್ನು ಬಾಗಿಲ ಬಳಿ ತಂದಿಟ್ಟಳು, ಪೊರಕೆ ಬಕೆಟ್ಟು ಹಿಡಿದಳು, ಬೀಗದ ಕೈಯನ್ನು ಸೆರಗಿಗೆ ಗಂಟು ಹಾಕಿಕೊಂಡಳು. ನಾವಿಬ್ಬರೂ ಹೊರಟೆವು.

ಬೀಗದ ಕೈ ಹಾಕಲು ಅಲ್ಲಿ ಹಳೆಯ ಬಾಗಿಲೇ ಇರಲಿಲ್ಲ. ಹೊಸ ಬಾಗಿಲು, ಹೊಸ ಎಣ್ಣೆಯ ವಾಸನೆ. ಗೋಡೆಯ ಇದ್ದಲು ಗೀಟುಗಳ ಮೇಲೆ ಸುಣ್ಣ ಬಳಿದಾಗಿತ್ತು. ಹಿತ್ತಲಲ್ಲಿ ಬಾವಿಯ ಕಂಬದಿಂದ ಗೋಡೆಯ ಮೊಳೆಗೆ ಹಗ್ಗ ಕಟ್ಟಿ, ಒಬ್ಬ ಹೆಂಗಸು ಬಟ್ಟೆ ಒಣಹಾಕುತ್ತಿದ್ದಳು. ಸೊಂಟದ ಮೇಲೆ ಕೂಸು. ಪಕ್ಕದಲ್ಲಿ ಆಗಷ್ಟೇ ನೆಟ್ಟ ಒಂದು ಹಣ್ಣಿನ ಸಸಿ, ಅದಕ್ಕೆ ಊರುಗೋಲು ಕಟ್ಟಿತ್ತು. ಫಲ ಕೊಡಲು ಎಂಟು ವರ್ಷ ಬೇಕಾಗುವ ಜಾತಿಯ ಸಸಿ.

ಆಕೆ ನಮ್ಮನ್ನು ನೋಡಿ ನಕ್ಕಳು. ನಗು ಚೆನ್ನಾಗಿತ್ತು, ಅದೇ ನನಗೆ ತಡೆಯಲಾಗದ್ದು. ನಮ್ಮ ಮಾತನ್ನು ಎಲ್ಲೋ ಪುಸ್ತಕದಿಂದ ಕಲಿತು ಬಂದಿದ್ದಳು. ಒಂದೊಂದೇ ಪದ ಜೋಡಿಸಿ ಕೇಳಿದಳು: “ಬನ್ನಿ ಅಮ್ಮ. ನಿಮ್ಮದು ಯಾವ ಊರು?”

ಅಮ್ಮ ಬಕೆಟ್ಟು ಹಿಡಿದುಕೊಂಡು ನಿಂತೇ ಇದ್ದಳು. ಆ ಬಾವಿ ತೋಡುವಾಗ ಮಣ್ಣು ಹೊತ್ತವಳು, ಆ ಹಿತ್ತಲಲ್ಲಿ ನನ್ನನ್ನು ಎತ್ತಿ ಆಡಿಸಿದವಳು, ಯಾವ ಊರು ಎಂದು ಹೇಳಬೇಕು? ಹೆಂಗಸು ಒಳಗೆ ಹೋಗಿ ಲೋಟದಲ್ಲಿ ನೀರು ತಂದುಕೊಟ್ಟಳು. ಅಮ್ಮ ಕುಡಿದಳು. ಲೋಟ ಕೆಳಗಿಟ್ಟು, ಯಾರ ಮನೆಯಿಂದ ಹೊರಟರೂ ಹೇಳುವ ಮಾತನ್ನೇ, ನಾಲಿಗೆಯ ಅಭ್ಯಾಸಕ್ಕೆ, ಹೇಳಿದಳು: “ಬರ್ತೀನಿ.”

ಹೆಂಗಸಿನ ನಗು ನಿಂತಿತು. ಕೂಸನ್ನು ಇನ್ನೊಂದು ಕಡೆಗೆ ಎತ್ತಿಕೊಂಡಳು. ನಾವು ಬೀದಿಗೆ ಬರುವಷ್ಟರಲ್ಲಿ ಹೊಸ ಬಾಗಿಲು ಮುಚ್ಚಿತ್ತು.

ದಾರಿಯಲ್ಲಿ ಅಮ್ಮ ಒಂದೇ ಮಾತು ಹೇಳಿದ್ದು. “ದಂಡಿನವರಿಗೆ ನನ್ನ ಕಂಡ್ರೆ ಸಿಟ್ಟಿತ್ತು. ಇವಳಿಗೆ ನಾನು ಕಾಣಿಸಲೇ ಇಲ್ಲ.”

ಸೇತುವೆಯ ಕಡೆ ನೋಡಿದರೆ ದಂಡು ಅಲ್ಲೇ ಇತ್ತು, ಹೊಸ ಬಿಡಾರ ಹೂಡಿಕೊಂಡು. ಹೋಗಿರಲಿಲ್ಲ, ತಮ್ಮ ನಾಡಿನಿಂದ ಬಂದ ಇವರಿಗೆ ಜಾಗ ಮಾಡಿಕೊಡಲು ಪಕ್ಕಕ್ಕೆ ಸರಿದಿತ್ತು ಅಷ್ಟೇ. ಮೇಲಿನ ಬೀದಿಯಲ್ಲಿ ಇನ್ನೂ ಆರು ಮನೆಗಳ ಮುಂದೆ ಹೊಸ ಬಟ್ಟೆ ಒಣಗುತ್ತಿತ್ತು.

ಮಾರನೆಯ ದಿನ ಮಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕ್ಯಾಪ್ಟನ್ ಸಹಿ ಹಾಕಿದ ರಸೀದಿಯನ್ನು ಎದೆಯ ಜೇಬಿನಲ್ಲಿಟ್ಟುಕೊಂಡು, ಅಮ್ಮನನ್ನೂ ನನ್ನನ್ನೂ ಕರೆದುಕೊಂಡು ಹೊಸದಾಗಿ ತೆರೆದಿದ್ದ ವಸತಿ ಹಂಚಿಕೆ ಕಚೇರಿಗೆ ಹೋದರು. ಅಲ್ಲಿನ ಸಾಹೇಬನೂ ನಮ್ಮ ಭಾಷೆ ಕಲಿತವನು, ಆಡಿದರೆ ಪಠ್ಯಪುಸ್ತಕ ತೆರೆದಂತೆ. “ತಾವು ಕುಳಿತುಕೊಳ್ಳಿರಿ,” ಎಂದ. ರಸೀದಿ ಓದಿದ. “ಬಹಳ ಸುಂದರವಾದ ಬರವಣಿಗೆ. ಸೇನೆಯ ಅಗತ್ಯ ಮುಗಿಯುವವರೆಗೆ ಎಂದಿದೆ. ಸೋಮವಾರ ಮುಗಿಯಿತು. ಸೇನೆ ಮಾತು ಉಳಿಸಿಕೊಂಡಿದೆ.”

“ಹಾಗಾದ್ರೆ ಮನೆ ನಮಗೆ ಬರ್ಬೇಕಲ್ಲ ಸ್ವಾಮಿ.”

“ಮಂಗಳವಾರ ಬೆಳಿಗ್ಗೆ ನಮ್ಮವರು ಹೋಗಿ ನೋಡಿದರು. ಮನೆಯಲ್ಲಿ ಯಾರೂ ಇರಲಿಲ್ಲ. ಯಾರೂ ಇಲ್ಲದ ಮನೆ ಸರಕಾರದ್ದು.”

“ಯಾರೂ ಇರ್ಲಿಲ್ಲ ಅಂದ್ರೆ? ಹನ್ನೊಂದು ವರ್ಷ ಇವಳನ್ನ ನೀವು ಒಳಗೆ ಬಿಟ್ಟಿಲ್ಲ. ಮಾಲೀಕಳು ಇಲ್ಲೇ ಕೂತಿದ್ದಾಳೆ ನೋಡಿ.”

ಸಾಹೇಬ ಒಂದು ಕಡತ ತೆಗೆದ. ಇಪ್ಪತ್ತೊಂದು ಫಾರಂಗಳನ್ನೂ ದಾರದಲ್ಲಿ ಪೋಣಿಸಿಟ್ಟಿದ್ದರು. ಮೊದಲನೆಯದನ್ನು ಹಾರಿಸಿ, ಉಳಿದ ಪ್ರತಿಯೊಂದರಲ್ಲೂ ಒಂದೇ ಅಂಕಣದ ಮೇಲೆ ಬೆರಳಿಡುತ್ತ ಹೋದ. “ಖಾಯಂ ವಿಳಾಸ: ಕೆಳಗಿನ ಬೀದಿ, ಹಿಂದಿನ ಕೋಣೆ. ಇದು ತಮ್ಮದೇ ಕೈಬರಹವಲ್ಲವೇ? ತಮ್ಮ ಸಹೋದರಿ ಆ ಕೋಣೆಯ ಖಾಯಂ ನಿವಾಸಿ. ಮೇಲಿನ ಬೀದಿಯ ಮನೆಯಲ್ಲಿ ಅವರು ಕೆಲವು ಕಾಲ ಇದ್ದರು, ಅಷ್ಟೇ. ತಾವು ಬಳಸುವ ಪದವನ್ನೇ ಹೇಳುವುದಾದರೆ, ತಾತ್ಕಾಲಿಕವಾಗಿ.”

ಮಾವನ ಮುಖ ನೋಡಲಾಗಲಿಲ್ಲ. ಅಂಗಿಯ ಜೇಬನ್ನು ಸುಮ್ಮನೆ ಸವರಿಕೊಳ್ಳುತ್ತಿದ್ದರು. ನನಗೆ ಆ ಸಾಹೇಬನ ಮೇಲೆ ಎಷ್ಟು ಸಿಟ್ಟು ಬಂತೋ, ಮಾವನ ಮೇಲೂ ಅಷ್ಟೇ ಬಂತು. ಪದ ಪದ ಎಂದು ಜೀವನವಿಡೀ ಕುಣಿದ ಮನುಷ್ಯ ಒಂದು ಪದವನ್ನು ತಪ್ಪು ಜಾಗದಲ್ಲಿ ಕೂರಿಸಿ, ಇಪ್ಪತ್ತು ಸಲ ಅದರ ಮೇಲೆ ಮುದ್ರೆ ಹೊಡೆಸಿಕೊಂಡು ಬಂದಿದ್ದರು. ಆ ಫಾರಂ ಅಚ್ಚು ಹಾಕಿಸಿದವರಿಗೆ ‘ಹಾಲಿ’ ಎಂಬ ಪದ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಬೇಕೆಂದೇ ಬಿಟ್ಟಿದ್ದರು.

“ಇನ್ನೊಂದು ವಿಷಯ,” ಎಂದು ಸಾಹೇಬ ಮತ್ತೊಂದು ಹಾಳೆ ಎಳೆದ. “ಮನೆಯ ನಿವಾಸಿ ನಿನ್ನೆ ದೂರು ಕೊಟ್ಟಿದ್ದಾರೆ. ಈ ಮಹಿಳೆ ಬೆದರಿಕೆ ಹಾಕಿದರಂತೆ. ‘ಬರ್ತೀನಿ’ ಎಂದರಂತೆ.”

ಆ ಗಳಿಗೆಯಲ್ಲೂ ಮಾವನಿಗೆ ನಗು ಬಂತು. “ಅಯ್ಯೋ ಸ್ವಾಮಿ, ಅದು ಬೆದರಿಕೆ ಅಲ್ಲ. ನಮ್ಮಲ್ಲಿ ಹೊರಡುವಾಗ ಹೋಗ್ತೀನಿ ಅನ್ನಲ್ಲ, ಬರ್ತೀನಿ ಅಂತೀವಿ. ಹೋಗ್ತೀನಿ ಅನ್ನಬಾರದು ಅಂತ.”

“ಅಂದರೆ ಅದರ ಅರ್ಥ, ಹೋಗುತ್ತೇನೆ ಎಂದು?”

“ಹೌದು, ಅಷ್ಟೇ.”

“ಬಹಳ ಸಂತೋಷ. ಅದನ್ನೇ ಹೇಳಿಕೆಯಾಗಿ ಬರೆದುಕೊಡಿರಿ. ಇವರು ಸಹಿ ಮಾಡಲಿ, ದೂರು ಮುಗಿಯುತ್ತದೆ. ಇಲ್ಲವಾದರೆ ನಲವತ್ತು ದಿನ ಜೈಲು.”

ಮಾವ ಬರೆದರು. ಕೊನೆಯ ಸಾಲನ್ನು ಸಾಹೇಬನೇ ಹೇಳಿ ಬರೆಸಿದ. ಅಮ್ಮನಿಗೆ ಸಹಿ ಹಾಕುವಷ್ಟೇ ಓದು, ಹಾಗಾಗಿ ನಾನು ಓದಿ ಹೇಳಿದೆ: ‘ಮೇಲ್ಕಂಡ “ಬರ್ತೀನಿ” ಎಂಬ ಮಾತಿಗೆ ಹೋಗುತ್ತೇನೆ ಎಂದಷ್ಟೇ ಅರ್ಥವಿದ್ದು, ಸದರಿ ಮನೆಗೆ ಮರಳಿ ಬರುವ ಉದ್ದೇಶ ನನಗೆ ಇರುವುದಿಲ್ಲ.’

ಅಮ್ಮ ಹಾಳೆಯನ್ನು ತನ್ನ ಕಡೆಗೆ ತಿರುಗಿಸಿಕೊಂಡಳು. “ಅಣ್ಣ, ಇದು ನಿನ್ನ ಅಕ್ಷರನಾ?”

“ಹೌದಮ್ಮ. ನಲವತ್ತು ದಿನ ನಿನ್ನ ಕೈಲಾಗಲ್ಲ, ಆ ಭುಜ ಇಟ್ಕೊಂಡು. ಸಹಿ ಹಾಕು. ಮನೆಗೆ ಹೋಗೋಣ.”

“ಯಾವ ಮನೆಗೆ?”

ಮಾವ ಲೇಖನಿಯನ್ನು ಕೆಳಗಿಟ್ಟರು. ಅಮ್ಮ ಮೆಲ್ಲಗೆ ಹೇಳಿದಳು: “ನಿನ್ನೆ ಸುಮ್ನೆ ಬಾಯಿಗೆ ಬಂದಿದ್ದು ಅಣ್ಣ, ನಿಜ. ಈಗ ಹೇಳ್ತೀನಿ ಕೇಳು. ಬರ್ತೀನಿ ಅಂದ್ರೆ ಬರ್ತೀನಿ ಅಂತಲೇ.”

ಮಾವ ಆ ಹಾಳೆಯನ್ನು ಹರಿದರು. ಸಿಟ್ಟಿನಿಂದಲ್ಲ, ಅಳತೆಪಟ್ಟಿ ಇಟ್ಟು ಎರಡು ಭಾಗ ಮಾಡಿದ ಹಾಗೆ. ಇನ್ನೊಂದು ಹಾಳೆ ತೆಗೆದುಕೊಂಡು ಬರೆದರು: ‘ಬರ್ತೀನಿ ಎಂದರೆ ಮರಳಿ ಬರುತ್ತೇನೆ ಎಂದು ಅರ್ಥ. ಬೇರೆ ಅರ್ಥವಿಲ್ಲ.’ ಆ ಒಂದರಲ್ಲಿ ಮಾತ್ರ ‘ಮೇಲ್ಕಂಡ’ ಇರಲಿಲ್ಲ. ಕೆಳಗೆ ಅಮ್ಮ ಸಹಿ ಹಾಕಿದಳು. ಅವಳ ಸಹಿಯ ಕೆಳಗೆ ಮಾವ ‘ಬರೆದವರು’ ಎಂದು ತಮ್ಮ ಹೆಸರು ಬರೆದು, ಪರವಾನಗಿ ಸಂಖ್ಯೆ ಒಂದು ಎಂದೂ ಸೇರಿಸಿದರು. ಅದನ್ನು ಸೇರಿಸಬೇಕೆಂದು ಯಾರೂ ಕೇಳಿರಲಿಲ್ಲ.

ಅಮ್ಮನನ್ನು ಅಲ್ಲಿಂದಲೇ ಕರೆದುಕೊಂಡು ಹೋದರು. ಮೂರನೆಯ ದಿನ ಮಾವನ ಪರವಾನಗಿ ರದ್ದಾಯಿತು. ಗೋಡೆಯಿಂದ ಕಟ್ಟು ಇಳಿಸುವಾಗ ಗಾಜು ಒಡೆದು ಅವರ ಅಂಗೈ ಕೊಯ್ಯಿತು. ಮೇಜನ್ನು ನಾನು ಮತ್ತು ಕ್ಷೌರದವನು ಹೊತ್ತು ತಂದು ಹಿಂದಿನ ಕೋಣೆಯಲ್ಲಿಟ್ಟೆವು. ಅವತ್ತಿನಿಂದ ಮಾವ ಮನೆ ಮನೆಗೆ ಹೋಗತೊಡಗಿದರು. “ನಿಮ್ಮ ಕಾಗದ ತೋರಿಸಿ,” ಎನ್ನುವುದು, ಖಾಯಂ ವಿಳಾಸ ಎಲ್ಲಿದೆ ಎಂದು ಹುಡುಕಿ ತಿದ್ದುವುದು. ಇವರೇ ತಪ್ಪು ಬರೆದುಕೊಟ್ಟ ಕಾಗದಗಳು ಎಷ್ಟೋ ಇದ್ದವು. ಕೆಲವರು ಬೈದು ಬಾಗಿಲು ಹಾಕಿಕೊಂಡರು. ಬೈಸಿಕೊಂಡು ಪಕ್ಕದ ಮನೆಗೆ ಹೋದರು. ನಾನೂ ಬೈದಿದ್ದೇನೆ, ಅದನ್ನು ಮುಚ್ಚಿಡುವುದಿಲ್ಲ. “ನಿಮ್ಮ ಪದಗಳಿಂದಲೇ ಮನೆ ಹೋಯ್ತು ಮಾವ,” ಎಂದೆ. “ಹೌದು ಕಣಮ್ಮ,” ಎಂದರು. ಅಷ್ಟೇ.

ನಲವತ್ತೊಂದನೆಯ ದಿನ ಬೆಳಿಗ್ಗೆ ಹತ್ತು ಗಂಟೆಗೆ ಜೈಲಿನ ಗೇಟಿನ ಹತ್ತಿರ ನಾವಿಬ್ಬರೂ ನಿಂತಿದ್ದೆವು. ಅಮ್ಮ ಒಂದು ಕೈಯಿಂದ ಇನ್ನೊಂದು ಭುಜ ಹಿಡಿದುಕೊಂಡು ಹೊರಗೆ ಬಂದಳು, ಸೊರಗಿ ಹೋಗಿದ್ದಳು. ಗೇಟಿನ ಗುಮಾಸ್ತ ಬಿಡುಗಡೆಯ ಫಾರಂ ಮುಂದೆ ತಳ್ಳಿ, “ಬರೆಯೋಕೆ ಯಾರಿಗೆ ಬರುತ್ತೆ?” ಎಂದ. ಮಾವ ಮುಂದೆ ಹೋದರು. ಇನ್ನೂ ಪೂರ್ತಿ ಮಾಯದ ಅಂಗೈಗೆ ಸುತ್ತಿದ್ದ ಬಟ್ಟೆಯನ್ನು ಸರಿಮಾಡಿಕೊಂಡು ಲೇಖನಿ ಹಿಡಿದರು. ಅಲ್ಲೂ ಅದೇ ಅಂಕಣ. ಖಾಯಂ ವಿಳಾಸ. ಮಾವ ನಿಧಾನವಾಗಿ ಬರೆದರು: ಮನೆ ನಂಬರು ಹದಿನೇಳು, ಮೇಲಿನ ಬೀದಿ.

ಗುಮಾಸ್ತ ಓದಿ ತಲೆಯೆತ್ತಿದ. “ಅಲ್ಲಿ ಬೇರೆಯವರಿದ್ದಾರಲ್ಲ?”

“ಇದ್ದಾರೆ,” ಎಂದರು ಮಾವ. “ಅವರದ್ದನ್ನ ಹಾಲಿ ಅಂತ ಬರ್ಕೊಳ್ಳಿ.”

ಗುಮಾಸ್ತನಿಗೆ ಏನನ್ನಿಸಿತೋ, ಮುದ್ರೆ ಒತ್ತಿ ಕಾಗದ ಕೊಟ್ಟ. ನಾವು ತಿರುಗಿದೆವು. ಅಮ್ಮ ಎರಡು ಹೆಜ್ಜೆ ಇಟ್ಟು ನಿಂತಳು. ಯಾವ ಜಾಗದಿಂದ ಹೊರಟರೂ ಹೇಳುವ ಮಾತು ಅವಳ ಬಾಯಿಗೆ ಬಂದಿತ್ತು, ನನಗೆ ಕಾಣಿಸಿತು. ಅದನ್ನು ನುಂಗಿಕೊಂಡು, ಜೈಲಿನ ಗೇಟಿನ ಕಡೆ ತಿರುಗಿ, ಜೀವನದಲ್ಲಿ ಮೊದಲ ಸಲ ಅವಳು ಹೇಳಿದಳು:

“ಹೋಗ್ತೀನಿ.”